ಕೈಗೆ ತಕ್ಕ ಕಾವು

ಮಲೆನಾಡಿನ ಸಂತೆಯಲ್ಲಿ ಗುದ್ದಲಿ ಕೊಳ್ಳಲು ಹೋದವರು ಸಾಮಾನ್ಯವಾಗಿ ಮನೆಗೆ ತರುವುದು ಕಬ್ಬಿಣವನ್ನು ಮಾತ್ರ. ಕಾವು ಹಾಕಿಕೊಳ್ಳುವುದು ಕೊಂಡವರ ಕೆಲಸ. ಎತ್ತರದ ಆಳಿಗೆ ಉದ್ದನೆಯ ಕಾವು, ಗಿಡ್ಡನೆಯವನಿಗೆ ಮೋಟು ಕಾವು. ತೋಟದಲ್ಲಿ ಬಸಿಗಾಲುವೆ ತೋಡುವವನಿಗೆ ಒಂದು ಬಗೆ, ಹಿತ್ತಿಲಲ್ಲಿ ಬಸಳೆಯ ಪಾತಿ ಮಾಡುವವರಿಗೆ ಇನ್ನೊಂದು ಬಗೆ. ಇದನ್ನು ಕಮ್ಮಾರನು ತನ್ನ ಕೆಲಸದ ಕೊರತೆಯೆಂದು ಎಣಿಸುವುದಿಲ್ಲ. ಕೊಂಡವರೂ ಹಾಗೆ ದೂರುವುದಿಲ್ಲ. ಆದರೆ ಕಾವು ಕೂರುವ ತೂತನ್ನು ಮಾತ್ರ ಕಮ್ಮಾರನೇ ಮಾಡಿಕೊಡಬೇಕು. ಆ ತೂತು ಓರೆಯಾಗಿದ್ದರೆ ಎಂಥ ಒಳ್ಳೆಯ ಮರದ ಕಾವನ್ನು ತಂದು ಹೊಡೆದರೂ ನಾಲ್ಕು ಪೆಟ್ಟಿಗೆ ಅದು ಸಡಿಲವಾಗುತ್ತದೆ.

ನಾನು ಹೇಳಹೊರಟಿರುವುದು ಗುದ್ದಲಿಯ ವಿಷಯವಲ್ಲ. ಗಣಕಯಂತ್ರದಲ್ಲಿ ಬರೆಯುವ, ಬರೆದದ್ದನ್ನು ತಿದ್ದುವ ಸಾಧನದ ವಿಷಯ. ಅದನ್ನು ಎಡಿಟರ್ ಎನ್ನುತ್ತಾರೆ. ಅಕ್ಷರ ಕೂಡಿಸುವುದು, ಅಳಿಸುವುದು, ಸಾಲನ್ನು ಅತ್ತಿಂದಿತ್ತ ಜರುಗಿಸುವುದು, ಒಂದು ಮಾತನ್ನು ಹುಡುಕುವುದು, ಇಷ್ಟೇ ಅದರ ಮೂಲ ಕೆಲಸ. ಆದರೆ ಕೆಲವು ಎಡಿಟರುಗಳಿಗೆ ಇನ್ನೊಂದು ಗುಣವಿದೆ. ಅವು ಹೇಳಿಕೊಟ್ಟರೆ ಕಲಿಯುತ್ತವೆ. ನೀವು ದಿನಕ್ಕೆ ನೂರು ಸಲ ಬರೆಯುವ ಪದವನ್ನು ಎರಡಕ್ಷರ ಒತ್ತಿದರೆ ತಾವೇ ಪೂರ್ತಿ ಬರೆದುಕೊಡುತ್ತವೆ. ನಿಮ್ಮ ಕಣ್ಣಿಗೆ ತಕ್ಕಷ್ಟು ಅಕ್ಷರವನ್ನು ದೊಡ್ಡದು ಮಾಡುತ್ತವೆ. ಕೀಲಿಮಣೆಯ ಕೀಲಿಗಳ ಅರ್ಥವನ್ನೇ ಬದಲಾಯಿಸುತ್ತವೆ. ಹೀಗೆ ಕಲಿಸುವ ಕೆಲಸ ಯಂತ್ರದ ಭಾಷೆ ಬಲ್ಲ ಎಂಜಿನಿಯರಿಗಷ್ಟೇ ಸಾಧ್ಯವೇ, ಅಥವಾ ಮಂಡಿಯ ಗುಮಾಸ್ತರಿಗೂ ಮನೆಯ ಗೃಹಿಣಿಗೂ ಸಾಧ್ಯವೇ? ಇದು ಬಳಸುವವರ ಬುದ್ಧಿವಂತಿಕೆಗೆ ಸೇರಿದ ಪ್ರಶ್ನೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಮಟ್ಟಿಗೆ ಇದು ತಯಾರಿಸಿದವರು ತೂತನ್ನು ಹೇಗೆ ಕೊರೆದಿದ್ದಾರೆ ಎಂಬುದಕ್ಕೆ ಸೇರಿದ ಪ್ರಶ್ನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಮೂವರನ್ನು ಕಲ್ಪಿಸಿಕೊಳ್ಳೋಣ. ಸಾಗರದಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವರು ಒಬ್ಬರು. ಹೊಸನಗರದಲ್ಲಿ ತಾಲ್ಲೂಕು ಕಚೇರಿಗೆ ಬರುವ ರೈತರಿಗೆ ಅರ್ಜಿ ಟೈಪು ಮಾಡಿಕೊಡುವ ಜೆರಾಕ್ಸ್ ಅಂಗಡಿಯ ಹೆಣ್ಣುಮಗಳು ಒಬ್ಬಳು. ತೀರ್ಥಹಳ್ಳಿಯಲ್ಲಿ ನಿವೃತ್ತರಾದ ಮೇಷ್ಟರು ಒಬ್ಬರು. ಮನೆಯ ಅಟ್ಟದಲ್ಲಿ ಸಿಕ್ಕ ಯಕ್ಷಗಾನ ಪ್ರಸಂಗದ ಹಸ್ತಪ್ರತಿಯನ್ನು ಗಣಕಕ್ಕೆ ಇಳಿಸುತ್ತಿರುವವರು. ಮೂವರೂ ಬರೆಯುವುದು ಕನ್ನಡವನ್ನೇ. ಆದರೆ ಅವರ ಕೆಲಸ, ಕಣ್ಣು, ಬೆರಳು, ತಾಳ್ಮೆ ಒಂದೇ ಅಲ್ಲ. ಮೂವರಿಗೂ ಒಂದೇ ಅಳತೆಯ ಕಾವು ಒಗ್ಗೀತೇ?

ಮೊದಲು ಬೆರಳಿನಿಂದ ಆರಂಭಿಸೋಣ. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿಕೊಟ್ಟವರು ಅನಂತಸುಬ್ಬರಾಯರು. ಅಲ್ಲಿ ಅಕ್ಷರದ ಆಕಾರ ಮುಖ್ಯ. ತಲೆಕಟ್ಟು, ಕೊಂಬು, ಒತ್ತು ಇವುಗಳ ಅಚ್ಚುಗಳನ್ನು ಕಾಗದದ ಮೇಲೆ ಕೂಡಿಸುತ್ತ ಹೋಗಬೇಕು. ಗಣಕ ಬಂದಮೇಲೆ ಈ ಕಟ್ಟು ಬೇಕಿರಲಿಲ್ಲ. ಅಕ್ಷರದ ಆಕಾರವನ್ನು ಯಂತ್ರವೇ ಕೂಡಿಸಬಲ್ಲದು. ನಾವು ಧ್ವನಿಯನ್ನು ಹೇಳಿದರೆ ಸಾಕು. ಇದನ್ನು ಕಂಡು ಇಂಗ್ಲಿಷಿನ ಸಾಮಾನ್ಯ ಕೀಲಿಮಣೆಯ ಮೇಲೆಯೇ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು. ಅವರ ವಿನ್ಯಾಸದಲ್ಲಿ 'ಕೆ' ಒತ್ತಿದರೆ ಕ, ದೊಡ್ಡ 'ಕೆ' ಒತ್ತಿದರೆ ಖ. ವ್ಯಂಜನದ ಬೆನ್ನಿಗೆ ಸ್ವರವನ್ನು ಒತ್ತಿದರೆ ಅದು ತಾನಾಗಿ ಕಾಗುಣಿತವಾಗುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಎಂಬ ಒಂದು ಕೊಂಡಿ. ಈ ವಿನ್ಯಾಸವೇ ಮುಂದೆ ಸಣ್ಣಪುಟ್ಟ ಮಾರ್ಪಾಡಿನೊಡನೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಳಕೆಗೆ ಬಂತು. ರಾಯರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದರು. ಯಂತ್ರದ ಕೆಲಸಕ್ಕೆ ವ್ಯಾಕರಣ ಬಲ್ಲವರ ಹೆಸರಿಟ್ಟದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ನಮ್ಮ ಮೂರು ಊರುಗಳ ಹೆಸರನ್ನೇ ಬರೆದು ನೋಡಿ. 'ಸಾಗರ' ಎಂದು ಬರೆಯಲು ಈ ವಿನ್ಯಾಸದಲ್ಲಿ 4 ಕೀಲಿ ಸಾಕು: ಎಸ್, ದೊಡ್ಡ ಎ, ಜಿ, ಆರ್. 'ಹೊಸನಗರ'ಕ್ಕೆ 6. 'ತೀರ್ಥಹಳ್ಳಿ'ಗೆ 10. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ'ದಲ್ಲಿ ದಾರಿ ಬೇರೆ. ಅಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನು ಉಚ್ಚರಿಸಿದ ಹಾಗೆಯೇ ಒತ್ತುತ್ತ ಹೋಗಬೇಕು. ಅಕಾರಕ್ಕೂ ಒಂದು ಕೀಲಿ ಬೇಕು. ಆದ್ದರಿಂದ 'ಹೊಸನಗರ'ಕ್ಕೆ 10 ಕೀಲಿಗಳಾಗುತ್ತವೆ. ಇನ್ನು ಭಾರತ ಸರ್ಕಾರವು ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಚೌಕಟ್ಟು ಇರಲೆಂದು ರೂಪಿಸಿದ ಇನ್‌ಸ್ಕ್ರಿಪ್ಟ್ ಇದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಇವುಗಳಲ್ಲಿ ಯಾವುದು ಉತ್ತಮ ಎಂದು ಜಗಳವಾಡುವವರನ್ನು ನಾನು ಕಂಡಿದ್ದೇನೆ. ಆ ಜಗಳ ತೀರುವಂಥದಲ್ಲ, ತೀರಬೇಕಾದ ಅಗತ್ಯವೂ ಇಲ್ಲ. ದಿನಕ್ಕೆ ಮೂವತ್ತು ಅರ್ಜಿ ಬರೆಯುವ ಹೊಸನಗರದ ಹೆಣ್ಣುಮಗಳಿಗೆ 10 ಕೀಲಿಗೂ 6 ಕೀಲಿಗೂ ಇರುವ ಅಂತರ ಸಂಜೆಯ ಹೊತ್ತಿಗೆ ಮಣಿಕಟ್ಟಿನಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಕನ್ನಡ ಸಂದೇಶ ಬರೆದೇ ಅಭ್ಯಾಸವಾದವರಿಗೆ 'ಬರಹ'ದ ದಾರಿ ಹೊಸದಾಗಿ ಏನನ್ನೂ ಕಲಿಸಬೇಕಾಗಿಲ್ಲ. ಹಳೆಯ ಬೆರಳಚ್ಚಿನಲ್ಲಿ ಕೈ ಪಳಗಿದವರಿಗೆ ಇವೆರಡೂ ಬೇಡ. ಇದು ನಿಜವಾದ ಆಯ್ಕೆ. ಇಂಥದನ್ನು ಬಳಸುವವರಿಗೇ ಬಿಡಬೇಕು.

ಎಲ್ಲವನ್ನೂ ಹೀಗೆ ಬಿಡಬಹುದೇ? ಇಲ್ಲ. ಹೊಸನಗರದ ಹೆಸರೇ ಅದಕ್ಕೆ ದೃಷ್ಟಾಂತ.

ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿಯನ್ನು ಮೀಸಲಿಟ್ಟಿದ್ದಾರೆ. ಅಲ್ಲಿ 'ಹೊ' ಎಂಬ ಅಕ್ಷರವನ್ನು ಎರಡು ಬಗೆಯಲ್ಲಿ ಬರೆದಿಡಬಹುದು. 'ಹ'ಕಾರಕ್ಕೆ ಒಕಾರದ ಒಂದೇ ಚಿಹ್ನೆಯನ್ನು ಸೇರಿಸುವುದು ಒಂದು ಬಗೆ. ಎತ್ವವನ್ನೂ ಕೊಂಬಿನ ದೀರ್ಘವನ್ನೂ ಬೇರೆಬೇರೆಯಾಗಿ ಸೇರಿಸುವುದು ಇನ್ನೊಂದು ಬಗೆ. ತೆರೆಯ ಮೇಲೆ ಎರಡೂ 'ಹೊ' ಎಂದೇ ಕಾಣುತ್ತವೆ. 'ತೀರ್ಥಹಳ್ಳಿ'ಯ 'ತೀ'ಯದೂ ಇದೇ ಕಥೆ: ಗುಡಿಸು ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಈ ತೊಡಕಿಲ್ಲದ ಅದೃಷ್ಟ ಮೂರರಲ್ಲಿ ಸಾಗರಕ್ಕೆ ಮಾತ್ರ. ಈ ಜೋಡಿ ರೂಪಗಳನ್ನು ಸಮಾನವೆಂದೇ ತಿಳಿಯಬೇಕೆಂದು ಯೂನಿಕೋಡಿನ ನಿಯಮವಿದೆ. ಆದರೆ ನಿಯಮವನ್ನು ಪಾಲಿಸದ ತಂತ್ರಾಂಶದಲ್ಲಿ ನೀವು ಒಂದು ರೂಪದಲ್ಲಿ 'ಹೊಸನಗರ' ಎಂದು ಹುಡುಕಿದರೆ ಇನ್ನೊಂದು ರೂಪದಲ್ಲಿ ಬರೆದಿಟ್ಟ ಹೊಸನಗರಗಳು ಸಿಕ್ಕುವುದೇ ಇಲ್ಲ. ಇಡೀ ತಾಲ್ಲೂಕೇ ಕಣ್ಣೆದುರು ಇದ್ದೂ ಕಾಣೆಯಾಗುತ್ತದೆ.

ಲಿಂಗನಮಕ್ಕಿಯ ನೀರು ನಿಂತ ಪ್ರದೇಶದಲ್ಲಿ ಊರಿನ ಹೆಸರು ಎಂಬುದು ಬರಿಯ ಹೆಸರಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ. 1964ರಲ್ಲಿ ಪೂರ್ತಿಯಾದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಮಠ ಬಿಟ್ಟು ಎದ್ದುಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದಾರೆ. ಅವರ ಕಾಗದಪತ್ರಗಳಲ್ಲಿ ಹಳೆಯ ಊರಿನ ಹೆಸರನ್ನು ಹುಡುಕಿದಾಗ ಅದು ಸಿಗುವುದೋ ಇಲ್ಲವೋ ಎಂಬುದು ಯಾರ ಅಭಿರುಚಿಗೂ ಬಿಟ್ಟ ವಿಷಯವಲ್ಲ. ಅರ್ಜಿ ಬರೆಯುವ ಹೆಣ್ಣುಮಗಳ ಮುಂದೆ 'ಸಮಾನ ರೂಪಗಳನ್ನು ಒಂದೆಂದು ಎಣಿಸಬೇಕೇ? ಹೌದು, ಇಲ್ಲ' ಎಂಬ ಚೌಕವನ್ನು ತಂದಿಟ್ಟು ನಾವು ಆಯ್ಕೆಯ ಸ್ವಾತಂತ್ರ್ಯ ಕೊಟ್ಟೆವು ಎಂದು ಬೀಗುವ ತಯಾರಕರು, ತಾವು ಮಾಡಬೇಕಾದ ನಿರ್ಧಾರವನ್ನು ಅವಳ ತಲೆಗೆ ಕಟ್ಟಿದ್ದಾರೆ ಅಷ್ಟೆ. ತೂತನ್ನು ಓರೆಯಾಗಿ ಕೊರೆದು, ಕಾವನ್ನು ಹೇಗೆ ಬೇಕಾದರೂ ಹಾಕಿಕೊಳ್ಳಿ ಎಂದ ಹಾಗೆ.

ಹೀಗೆ ನಿಜವಾದ ಆಯ್ಕೆ ಒಂದು ಕಡೆ, ತಯಾರಕರೇ ತೀರ್ಮಾನಿಸಬೇಕಾದದ್ದು ಇನ್ನೊಂದು ಕಡೆ. ಎರಡನ್ನೂ ಬೇರೆ ಮಾಡುವುದೇ ಅರ್ಧ ಕೆಲಸ. ಅಂಕಿಗಳನ್ನು ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ? ಇದು ಆಯ್ಕೆ. ತೀರ್ಥಹಳ್ಳಿಯ ಮೇಷ್ಟರಿಗೆ ಪ್ರಸಂಗದ ಪದ್ಯಗಳ ಸಂಖ್ಯೆ ೧, ೨, ೩ ಎಂದೇ ಬೇಕು. ಸಾಗರದ ಮಂಡಿಯ ಲೆಕ್ಕಕ್ಕೆ 1, 2, 3 ಎಂದೇ ಬೇಕು. ಹಿಂದಕ್ಕೆ ಅಳಿಸುವ ಕೀಲಿಯನ್ನು ಒತ್ತಿದಾಗ 'ಳ್ಳಿ' ಎಂಬ ಅಕ್ಷರ ಇಡಿಯಾಗಿ ಹೋಗಬೇಕೋ, ಮೊದಲು ಗುಡಿಸು, ಆಮೇಲೆ ಒತ್ತು, ಹೀಗೆ ಬಿಡಿಬಿಡಿಯಾಗಿ ಹೋಗಬೇಕೋ? ಇದೂ ಆಯ್ಕೆಯೇ. ತಪ್ಪಿದ ಒಂದು ಒತ್ತನ್ನು ಮಾತ್ರ ತಿದ್ದಬೇಕಾದವರಿಗೆ ಬಿಡಿಯಾಗಿ ಹೋದರೆ ಅನುಕೂಲ; ವೇಗವಾಗಿ ಬರೆಯುವವರಿಗೆ ಇಡಿಯಾಗಿ ಹೋದರೆ ಅನುಕೂಲ. 'ಸೂರ್ಯ' ಎಂದು ಬರೆದಾಗ ಅರ್ಕಾವತ್ತು ತಾನಾಗಿ ಬರುವುದು ಆಯ್ಕೆಯಲ್ಲ, ಅದು ಕನ್ನಡದ ರೂಢಿ. ಆದರೆ 'ರ್‍ಯಾಂಕ್' ಎಂದು ಬರೆಯುವಾಗ ಅರ್ಕಾವತ್ತು ಬೇಡ. ಅದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಇಡಬೇಕು. ಕಾಣದ ಈ ಚಿಹ್ನೆಗಳು ಬೇಕಾದಾಗ ಕಾಣುವಂತೆ ಮಾಡುವ ಒಂದು ಗುಂಡಿ ಇದ್ದರೆ ಎಷ್ಟೋ ತಲೆನೋವು ಕಳೆಯುತ್ತದೆ. ಸದಾ ಕಾಣುವಂತಿದ್ದರೆ ಬರೆಹವೇ ಬೆರಣಿ ತಟ್ಟಿದ ಗೋಡೆಯ ಹಾಗೆ ಆಗುತ್ತದೆ.

ಇನ್ನು ಹೇಳಿಕೊಟ್ಟರೆ ಕಲಿಯುವ ಎಡಿಟರಿನ ಚರಿತ್ರೆಗೆ ಬರೋಣ. ಇವುಗಳಲ್ಲಿ ಹಿರಿಯದು ಈಮ್ಯಾಕ್ಸ್. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು 1976ರಲ್ಲಿ ಅದನ್ನು ಮೊದಲು ಕಟ್ಟಿದರು. 1985ರಲ್ಲಿ ಗ್ನೂ ಈಮ್ಯಾಕ್ಸ್ ಎಂಬ ಹೆಸರಿನಲ್ಲಿ ಅದರ ಹೊಸ ರೂಪವನ್ನು ಯಾರು ಬೇಕಾದರೂ ಪಡೆಯಬಹುದಾದಂತೆ, ತಿದ್ದಬಹುದಾದಂತೆ ಹೊರಗೆ ಬಿಟ್ಟರು. ಇಂದಿಗೂ ಅದು ಚಾಲ್ತಿಯಲ್ಲಿದೆ. ಕನ್ನಡ ಬರೆಯಲು ಇನ್‌ಸ್ಕ್ರಿಪ್ಟ್ ವಿಧಾನವೂ ಇಂಗ್ಲಿಷ್ ಉಚ್ಚಾರದ ವಿಧಾನವೂ ಅದರಲ್ಲಿಯೇ ಅಡಕವಾಗಿವೆ. ಲಿಸ್ಪ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಅದು ಹೊಸ ವಿದ್ಯೆಯನ್ನು ಕಲಿಯುತ್ತದೆ. ಲಿಸ್ಪ್ ಎಂದರೆ ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು ಕಂಸ. ಹಲಸಿನ ಹಣ್ಣನ್ನು ಬಿಡಿಸಿದ ಹಾಗೆ ಬಿಡಿಸುತ್ತ ಹೋಗಬೇಕು.

ಸ್ಟಾಲ್ಮನ್ ಅವರು 2002ರ ಒಂದು ಭಾಷಣದಲ್ಲಿ ಸ್ವಾರಸ್ಯದ ಸಂಗತಿಯನ್ನು ಹೇಳಿದ್ದಾರೆ. ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಮಲ್ಟಿಕ್ಸ್ ಎಂಬ ಗಣಕ ವ್ಯವಸ್ಥೆಗೆಂದು 1978ರಲ್ಲಿ ಒಂದು ಈಮ್ಯಾಕ್ಸನ್ನು ಲಿಸ್ಪ್ ಭಾಷೆಯಲ್ಲಿ ಬರೆದಿದ್ದರು. ಅವರ ಕಚೇರಿಯ ಕಾರ್ಯದರ್ಶಿಗಳು, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದವರು, ಅದನ್ನು ಬಳಸಲು ತೊಡಗಿದರು. ಅವರ ಕೈಗೆ ಕೊಟ್ಟ ಪುಸ್ತಕದಲ್ಲಿ ಎಡಿಟರಿಗೆ ಹೊಸ ಕೆಲಸ ಕಲಿಸುವುದು ಹೇಗೆಂದು ಬರೆದಿತ್ತು. ಆದರೆ ಅದಕ್ಕೆ 'ಪ್ರೋಗ್ರಾಮಿಂಗ್' ಎಂಬ ಹೆಸರನ್ನು ಎಲ್ಲಿಯೂ ಹೇಳಿರಲಿಲ್ಲ. ಪ್ರೋಗ್ರಾಮಿಂಗ್ ತಮ್ಮಿಂದಾಗದು ಎಂದು ನಂಬಿದ್ದ ಆ ಕಾರ್ಯದರ್ಶಿಗಳು ಹೆಸರು ಕೇಳಿ ಹೆದರಲಿಲ್ಲ. ಪುಸ್ತಕ ನೋಡಿಕೊಂಡು ಒಂದೊಂದಾಗಿ ಮಾಡುತ್ತ ಹೋದರು, ಕಲಿತೇಬಿಟ್ಟರು.

ಈ ಕಥೆಯನ್ನು ಕೇಳಿದ ಕೆಲವರು, ಹಾಗಾದರೆ ಆಯ್ಕೆಯ ಪುಟಗಳು ಬೇಡ, ಎಲ್ಲರೂ ಲಿಸ್ಪನ್ನೇ ಕಲಿಯಲಿ ಎನ್ನುತ್ತಾರೆ. ಅದು ಕಥೆಯ ತಾತ್ಪರ್ಯವಲ್ಲ. ಆ ಕಾರ್ಯದರ್ಶಿಗಳಿಗೆ ಇದ್ದದ್ದು ಮೆಟ್ಟಿಲು: ಇವತ್ತು ಸಣ್ಣದೊಂದು ಬದಲಾವಣೆ, ಅದು ಕೂಡಲೆ ಫಲಿಸಿದ ಸಂತೋಷ, ನಾಳೆ ಇನ್ನೊಂದು. ಹೊಳೆಯ ಆಳಕ್ಕೆ ಒಮ್ಮೆಗೇ ದುಮುಕು ಎನ್ನುವುದಕ್ಕೂ ಸೋಪಾನ ಕಟ್ಟಿಕೊಡುವುದಕ್ಕೂ ಅಂತರವಿದೆ. ತುಂಗೆಯ ದಡದ ತೀರ್ಥಹಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಮ್ಯಾಕ್ಸಿನಲ್ಲಿ ಇಂಥ ಸೋಪಾನವೊಂದು ಬಂದದ್ದು 1997ರಲ್ಲಿ, ಅದರ 20ನೆಯ ಆವೃತ್ತಿಯೊಡನೆ. 'ಕಸ್ಟಮೈಸ್' ಎಂದು ಅದರ ಹೆಸರು; ಬರೆದವರು ಪೇರ್ ಅಬ್ರಹಾಮ್ಸನ್. ಅದಕ್ಕೆ ಹಿಂದೆ ಏನು ಬದಲಿಸಬೇಕಾದರೂ ಒಂದು ಕಡತದಲ್ಲಿ ಲಿಸ್ಪ್ ಸಾಲುಗಳನ್ನು ಬರೆಯುವುದೇ ದಾರಿ. ಒಂದು ಕಂಸ ತಪ್ಪಿದರೆ ಆ ಸಾಲಿನಿಂದಾಚೆಗೆ ಬರೆದದ್ದು ಯಾವುದೂ ನಡೆಯುತ್ತಿರಲಿಲ್ಲ. ಹೊಸ ಏರ್ಪಾಡಿನಲ್ಲಿ ತಂತ್ರಾಂಶವನ್ನು ಬರೆಯುವವರ ಮೇಲೆ ಒಂದು ಹೊಣೆ ಬಿತ್ತು. ನೀವು ಬಳಕೆದಾರರಿಗೆ ಒಂದು ಆಯ್ಕೆಯನ್ನು ಕೊಡುವುದಾದರೆ ಅದರ ಹೆಸರು, ಮೊದಲಿನ ಬೆಲೆ, ಅದಕ್ಕೆ ಯಾವ ಜಾತಿಯ ಬೆಲೆಗಳು ಸಲ್ಲುತ್ತವೆ, ಅದು ಯಾವ ಗುಂಪಿಗೆ ಸೇರಿದ್ದು, ಸಾಮಾನ್ಯ ಮಾತಿನಲ್ಲಿ ಅದರ ವಿವರಣೆ, ಇಷ್ಟನ್ನೂ ಒಂದೇ ಕಡೆ ಬರೆದುಕೊಡಿ. ಇಷ್ಟು ಕೊಟ್ಟರೆ ಆಯ್ಕೆಯ ಪುಟವನ್ನು ಈಮ್ಯಾಕ್ಸ್ ತಾನೇ ರಚಿಸುತ್ತದೆ. ಸಂಖ್ಯೆ ಬೇಕಾದಲ್ಲಿ ಸಂಖ್ಯೆಯನ್ನೇ ಬರೆಯಬೇಕು; ಹೌದು ಅಲ್ಲ ಎಂಬಲ್ಲಿ ಗುಂಡಿ; ನಾಲ್ಕರಲ್ಲಿ ಒಂದು ಎಂಬಲ್ಲಿ ಪಟ್ಟಿ. ತಪ್ಪು ಬೆಲೆಯನ್ನು ತುಂಬಲು ಅವಕಾಶವೇ ಕಡಿಮೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ಪ್ರತಿಯೊಂದು ಆಯ್ಕೆಯ ಪಕ್ಕದಲ್ಲಿಯೂ ಅದರ ಸ್ಥಿತಿಯನ್ನು ಬರೆದಿರುತ್ತದೆ: ಇದು ಮೊದಲಿನಂತೆಯೇ ಇದೆ, ಇದನ್ನು ತಿದ್ದಿದ್ದೀರಿ, ಇನ್ನೂ ಜಾರಿಗೆ ತಂದಿಲ್ಲ, ಜಾರಿಗೆ ತಂದಿದ್ದೀರಿ, ಆದರೆ ಇವತ್ತಿನ ಮಟ್ಟಿಗೆ ಮಾತ್ರ, ಇದನ್ನು ಮುಂದಕ್ಕೂ ಉಳಿಸಿದ್ದೀರಿ. 'ಇವತ್ತಿನ ಮಟ್ಟಿಗೆ' ಎಂಬ ಈ ಮೆಟ್ಟಿಲು ಬಹಳ ದೊಡ್ಡ ಸೌಕರ್ಯ. ಸೀರೆಯಂಗಡಿಯಲ್ಲಿ ಸೆರಗನ್ನು ಹೆಗಲ ಮೇಲೆ ಹಾಕಿ ನೋಡಲು ಬಿಡುವ ಹಾಗೆ. ನೋಡಿದಿರಿ, ಒಪ್ಪಲಿಲ್ಲ, ಮಡಿಸಿಟ್ಟಿರಿ, ಯಾರಿಗೂ ನಷ್ಟವಿಲ್ಲ. ಮೇಷ್ಟರು ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೆ ಪದ್ಯದ ಒಂದು ಪಾದ ಒಂದು ಸಾಲಿನಲ್ಲಿ ನಿಲ್ಲುತ್ತದೆ ಎಂದು ಹತ್ತು ಸಲ ಹೆಚ್ಚುಕಡಿಮೆ ಮಾಡಿ ನೋಡಬಹುದು. ಏನೋ ಕೆಟ್ಟುಹೋಯಿತು ಎಂದು ಮಗನಿಗೆ ಬೆಂಗಳೂರಿಗೆ ಫೋನು ಮಾಡಬೇಕಾಗಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡುವ ಗುಂಡಿಯೂ ಅಲ್ಲಿಯೇ ಇದೆ. ಹಿಂದಿರುಗುವ ದಾರಿ ಕಾಣುತ್ತಿದ್ದರೆ ಮನುಷ್ಯ ಮುಂದೆ ಹೆಜ್ಜೆ ಇಡುತ್ತಾನೆ.

ಕೊರತೆಗಳೂ ಇವೆ. ಈ ಪುಟಗಳಲ್ಲಿ ಆಯ್ಕೆಗಳು ಸಾವಿರಗಟ್ಟಲೆ. ಗುಂಪಿನೊಳಗೆ ಗುಂಪು, ಅದರೊಳಗೆ ಗುಂಪು. ಹಳೆಯ ತೊಟ್ಟಿಮನೆಯಲ್ಲಿ ಹೊಸಬರು ದೇವರಕೋಣೆ ಹುಡುಕಿದಂತೆ ಅಲೆಯಬೇಕು. ಹೆಸರಿನ ತುಣುಕು ಕೊಟ್ಟು ಹುಡುಕುವ ಉಪಾಯವಿದೆ, ಸರಿ. ಆದರೆ ಹೆಸರು ಗೊತ್ತಿಲ್ಲದವರು ಏನೆಂದು ಹುಡುಕಬೇಕು? 'ಅಕ್ಷರ ಚಿಕ್ಕದಾಗಿ ಕಾಣುತ್ತದೆ' ಎಂದು ಬರೆದರೆ ಅದು ದಾರಿ ತೋರಿಸುವುದಿಲ್ಲ. ಈ ಒಂದು ವಿಷಯದಲ್ಲಿ ಮೈಕ್ರೋಸಾಫ್ಟಿನವರು 2015ರಲ್ಲಿ ತಂದ ವಿಷುವಲ್ ಸ್ಟುಡಿಯೋ ಕೋಡ್ ಸ್ವಲ್ಪ ಮುಂದಿದೆ. ಅದರಲ್ಲೂ ಮೊದಮೊದಲು ಕಡತವನ್ನೇ ತಿದ್ದಬೇಕಾಗಿತ್ತು. 2018ರಲ್ಲಿ ಒಂದು ಆಯ್ಕೆಯ ಪುಟ ಬಂತು. ಅದರ ತಲೆಯ ಮೇಲೆಯೇ ಹುಡುಕುವ ಪೆಟ್ಟಿಗೆ. ನೀವು ಬದಲಿಸಿದ ಆಯ್ಕೆಗಳ ಎಡಕ್ಕೆ ಒಂದು ಬಣ್ಣದ ಗೆರೆ ಮೂಡುತ್ತದೆ. ಬದಲಿಸಿದವುಗಳನ್ನು ಮಾತ್ರ ತೋರಿಸು ಎಂದರೆ ತೋರಿಸುತ್ತದೆ. ಆರು ತಿಂಗಳ ಹಿಂದೆ ತಾನು ಏನು ಮಾಡಿದೆ ಎಂಬುದನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಇಲ್ಲಿ ಕನ್ನಡದ ಮಾತನ್ನೂ ಆಡಿಬಿಡಬೇಕು. ಹಲವು ತಂತ್ರಾಂಶಗಳ ಮುಖವನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅವರ ಶ್ರಮ ದೊಡ್ಡದು. ಆದರೆ ಯಾರೂ ಏನನ್ನೂ ಬದಲಿಸದಿದ್ದಾಗ ಇರುವ ಬೆಲೆಗೆ ಅವರು ಆರಿಸಿದ ಪದ 'ಪೂರ್ವನಿಯೋಜಿತ'. ಇದನ್ನು ಓದಿದಾಗಲೆಲ್ಲ ನನಗೆ ಹಣೆಬರೆಹದ ನೆನಪಾಗುತ್ತದೆ. ಬದಲಿಸಲು ನಾವು ಯಾರು ಎನಿಸುತ್ತದೆ! ಬದಲಿಸಬಹುದು ಎಂಬ ಧೈರ್ಯವನ್ನು ಕೊಡಬೇಕಾದ ಕಡೆಯಲ್ಲಿ ಇಂಥ ಪದ ಕೂತಿದೆ. 'ಮೊದಲಿದ್ದಂತೆ' ಎಂದರೆ ಸಾಕಾಗಿತ್ತು. ಗುಂಡಿಯ ಮೇಲಿನ ಪದ ಅರ್ಜಿ ಬರೆಯುವ ಹೆಣ್ಣುಮಗಳು ಬಾಯಿಬಿಟ್ಟು ಆಡುವ ಪದವಾಗಿರಬೇಕು. ಅದು 'ಸೆಟ್ಟಿಂಗ್' ಎಂದಾದರೆ ಹಾಗೆಯೇ ಇರಲಿ. ಆ ಪದ ಫೋನಿನ ಮೂಲಕ ಎಲ್ಲರ ಮನೆಗೂ ಬಂದಾಗಿದೆ.

ಮತ್ತೆ, ಏನನ್ನೂ ಬದಲಿಸದವರ ಮಾತು. ಬಹುಪಾಲು ಜನ ಯಾವ ಆಯ್ಕೆಯ ಪುಟವನ್ನೂ ತೆರೆಯುವುದಿಲ್ಲ. ಅದು ಅವರ ಸೋಮಾರಿತನವಲ್ಲ. ಅವರಿಗೆ ಬೇರೆ ಕೆಲಸವಿದೆ. ಆದ್ದರಿಂದ ಮೊದಲಿದ್ದಂತೆ ಇರುವ ಏರ್ಪಾಡೇ ಅವರ ಪಾಲಿಗೆ ಇಡೀ ತಂತ್ರಾಂಶ. ಆಷಾಢದ ಮಳೆಯಲ್ಲಿ ಹೊಸನಗರದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಕರೆಂಟು ಹೋಗುವುದು ಅಪೂರ್ವವೇನಲ್ಲ. ಆ ಕ್ಷಣದಲ್ಲಿ ಮೂರು ಪುಟದ ಅರ್ಜಿ ಉಳಿಯುವುದೋ ಹೋಗುವುದೋ? ಈಮ್ಯಾಕ್ಸ್ ಯಾರೂ ಹೇಳದೆಯೇ 300 ಕೀಲಿ ಒತ್ತಿದಷ್ಟಕ್ಕೊಮ್ಮೆ, ಇಲ್ಲವೇ 30 ಸೆಕೆಂಡು ಕೈ ನಿಂತಾಗಲೊಮ್ಮೆ, ಕಡತದ ಒಂದು ನಕಲನ್ನು ಪಕ್ಕಕ್ಕೆ ಎತ್ತಿಡುತ್ತದೆ. 300 ಜಾಸ್ತಿಯಾಯಿತು ಎನ್ನುವವರು 100 ಎಂದು ಬದಲಿಸಿಕೊಳ್ಳಬಹುದು. ನಕಲು ಬೇಡವೇ ಬೇಡ ಎನ್ನುವವರು ನಿಲ್ಲಿಸಲೂಬಹುದು. ಆದರೆ ಏನೂ ತಿಳಿಯದವರ ಅರ್ಜಿ ಉಳಿಯುತ್ತದೆ. ಆಯ್ಕೆಯನ್ನು ರೂಪಿಸುವವರು ಮೊದಲು ಯೋಚಿಸಬೇಕಾದದ್ದು ಇಂಥವರನ್ನು.

ಅಪಾಯದ ಆಜ್ಞೆಗಳ ವಿಷಯದಲ್ಲಿಯೂ ಅಲ್ಲಿ ಒಂದು ಜಾಣ್ಮೆಯಿದೆ. ಕಡತದ ಒಂದು ತುಂಡನ್ನು ಮಾತ್ರ ತೋರಿಸಿ ಉಳಿದದ್ದನ್ನು ಮರೆಮಾಡುವ ಆಜ್ಞೆಯೊಂದಿದೆ. ಉಪಯುಕ್ತವಾದದ್ದೇ, ಆದರೆ ತಿಳಿಯದೆ ಕೀಲಿ ತಗುಲಿದವರಿಗೆ ಬರೆದದ್ದೆಲ್ಲ ಮಾಯವಾಯಿತೆಂದು ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಈಮ್ಯಾಕ್ಸ್ ಮೊದಲ ಸಲ ಅದನ್ನು ಮಾಡುವುದಿಲ್ಲ; ತಡೆದು ನಿಂತು, ಇದು ಹೀಗೆ ಮಾಡುತ್ತದೆ ಎಂದು ವಿವರಿಸಿ, ಈ ಒಂದು ಸಲಕ್ಕೆ ಮಾಡಲೇ, ಇನ್ನು ಮುಂದೆ ಕೇಳದೆಯೇ ಮಾಡಲೇ, ಬಿಟ್ಟುಬಿಡಲೇ ಎಂದು ಕೇಳುತ್ತದೆ. ಆಯ್ಕೆಯ ಪುಟವನ್ನು ಹುಡುಕಿಕೊಂಡು ನೀವು ಹೋಗಬೇಕಾಗಿಲ್ಲ; ಬೇಕಾದ ಹೊತ್ತಿನಲ್ಲಿ, ಬೇಕಾದ ಜಾಗದಲ್ಲಿ ಆಯ್ಕೆಯೇ ನಿಮ್ಮ ಬಳಿಗೆ ಬರುತ್ತದೆ. ಇದು ಇತರರೂ ಅನುಸರಿಸಬೇಕಾದ ಕ್ರಮ. ಹಾಗೆಂದು ಮಾತುಮಾತಿಗೂ ಕೇಳುತ್ತಿದ್ದರೆ ಓದದೆಯೇ ಹೌದು ಹೌದು ಎಂದು ಒತ್ತುವ ಅಭ್ಯಾಸ ಬೆಳೆಯುತ್ತದೆ. ಫೋನುಗಳಲ್ಲಿ ನಾವೆಲ್ಲ ಮಾಡುತ್ತಿರುವುದು ಅದನ್ನೇ.

ಕೊನೆಯದಾಗಿ ಸಾಗರದ ಮಂಡಿಗೆ ಹೋಗೋಣ. ಅಲ್ಲಿ ದಿನವೂ ಬರೆಯುವ ಹೆಸರುಗಳು ರಾಶಿ, ಬೆಟ್ಟೆ, ಗೊರಬಲು, ಚಾಲಿ, ಸಿಪ್ಪೆಗೋಟು, ಕೆಂಪುಗೋಟು, ಬಿಳೆಗೋಟು, ಕೋಕಾ. ದೂರದ ಯಾವ ನಗರದಲ್ಲಿ ಕೂತ ತಯಾರಕರಿಗೂ ಈ ಪದಗಳು ಗೊತ್ತಿರುವುದಿಲ್ಲ. ಅವರ ಕಾಗುಣಿತ ಪರೀಕ್ಷಕ ಇವೆಲ್ಲದರ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಅವರಿಗೆ ಗೊತ್ತಿರಲಿ ಎಂದು ಬಯಸುವುದೂ ಸಲ್ಲ. ಅವರು ಮಾಡಬೇಕಾದದ್ದು ಖಾಲಿ ಜಾಗವನ್ನು ಬಿಡುವುದು. ಹೇಳಿಕೊಟ್ಟರೆ ಕಲಿಯುವ ಎಡಿಟರಿನಲ್ಲಿ ಸಂಕ್ಷೇಪಗಳ ಒಂದು ಪಟ್ಟಿ ಇರುತ್ತದೆ. 'ಸಿಗೋ' ಎಂದರೆ ಸಿಪ್ಪೆಗೋಟು, 'ಕೆಗೋ' ಎಂದರೆ ಕೆಂಪುಗೋಟು ಎಂದು ಗುಮಾಸ್ತರು ಒಮ್ಮೆ ಬರೆದಿಟ್ಟರೆ ಮುಗಿಯಿತು. ಲಿಸ್ಪ್ ಬೇಡ, ಕಂಸ ಬೇಡ. ಆದರೆ ನಿಜವಾಗಿ ನೋಡಿದರೆ ಅವರು ಯಂತ್ರಕ್ಕೆ ಹೊಸ ವಿದ್ಯೆಯನ್ನು ಕಲಿಸಿದ್ದಾರೆ. ಮಲ್ಟಿಕ್ಸ್ ಕಚೇರಿಯ ಕಾರ್ಯದರ್ಶಿಗಳ ಹಾಗೆ, ಹೆಸರು ತಿಳಿಯದೆಯೇ. ಒಂದು ತಿಂಗಳಾದ ಮೇಲೆ, 'ರಾ' ಒತ್ತಿದಾಗ ರಾಶಿಯ ಜತೆಗೆ ಇವತ್ತಿನ ತಾರೀಖೂ ಬರಬಾರದೇಕೆ ಎಂದು ಅವರಿಗೇ ಅನಿಸುತ್ತದೆ. ಅಲ್ಲಿಂದ ಮುಂದಕ್ಕೆ ಎರಡು ಸಾಲು ಲಿಸ್ಪ್ ಅಷ್ಟೇನೂ ದೂರವಲ್ಲ.

ಒಂದೇ ಯಂತ್ರವನ್ನು ಹಗಲು ಒಬ್ಬರು, ಸಂಜೆ ಇನ್ನೊಬ್ಬರು ಬಳಸುವ ಅಂಗಡಿಗಳಲ್ಲಿ ಯಾರ ಸಂಕ್ಷೇಪ, ಯಾರ ಕೀಲಿಮಣೆ ಎಂಬ ತಕರಾರು ಏಳುವುದುಂಟು. ಈ ವಿಷಯವನ್ನು ತಯಾರಕರು ಬಹಳ ಉಪೇಕ್ಷಿಸಿದ್ದಾರೆ. ಯಂತ್ರವೊಂದಕ್ಕೆ ಯಜಮಾನ ಒಬ್ಬನೇ ಎಂದು ಅವರ ಎಣಿಕೆ. ಸದ್ಯಕ್ಕೆ ಇರುವ ಉಪಾಯವೆಂದರೆ ಒಬ್ಬೊಬ್ಬರ ಸಿದ್ಧತೆಯನ್ನೂ ಬೇರೆಬೇರೆ ಕಡತದಲ್ಲಿ ಇಡುವುದು. ಈಮ್ಯಾಕ್ಸ್ ಎಲ್ಲವನ್ನೂ ಉಳಿಸುವುದು ಸಾದಾ ಅಕ್ಷರಗಳ ಕಡತದಲ್ಲಿ. ಯಾರು ಬೇಕಾದರೂ ತೆರೆದು ಓದಬಹುದು, ನಕಲು ಮಾಡಿಕೊಳ್ಳಬಹುದು. ಆಯ್ಕೆಯ ಪುಟದಿಂದ ಬಂದದ್ದು ಒಂದು ಕಡತಕ್ಕೆ, ಕೈಯಾರೆ ಬರೆದದ್ದು ಇನ್ನೊಂದಕ್ಕೆ ಹೋಗುವಂತೆ ಹೇಳಲೂ ಬರುತ್ತದೆ. ಹಾಗೆ ಮಾಡಿಟ್ಟುಕೊಂಡರೆ ಒಂದರ ತಿದ್ದುಪಡಿ ಇನ್ನೊಂದನ್ನು ಕೆಡಿಸುವುದಿಲ್ಲ. ಮಂಡಿಯ ಗುಮಾಸ್ತರ ಸಂಕ್ಷೇಪದ ಪಟ್ಟಿ ಅಬ್ಬಬ್ಬಾ ಎಂದರೆ ನಲವತ್ತು ಸಾಲು ಇರಬಹುದು. ಅದನ್ನು ಫೋನಿನಲ್ಲಿ ತೀರ್ಥಹಳ್ಳಿಯ ಮಂಡಿಯ ಗೆಳೆಯರಿಗೆ ಕಳಿಸಿದರೆ ಅವರು ತಮ್ಮಲ್ಲಿ ನಡೆಯದ ಹೆಸರುಗಳನ್ನು ತೆಗೆದು, ನಡೆಯುವುದನ್ನು ಸೇರಿಸಿ, ಅದೇ ದಿನ ಮಧ್ಯಾಹ್ನದಿಂದ ಬಳಸತೊಡಗಬಹುದು.